ತಿಳಿನೀರಿನ ತಳದ ಕರಿ ಹಾವಸೆ: ಹೊಳೆಯನ್ನೂ ಅಳೆಯೋಣ



ಸಂಘಕ್ಕೆ ನೀವು ಹಾಲು ತಂದಾಗ ಅದರ ಅಳತೆ ನಿಮ್ಮ ಕಣ್ಣೆದುರೇ ಆಗುತ್ತದೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಚೀಟಿ ಕೈಗೆ ಬರುತ್ತದೆ. ಪಶು ಆಹಾರದ ಮೂಟೆಯ ಮೇಲೂ ಅದರಲ್ಲಿ ಏನೇನಿದೆ ಎಂದು ಅಚ್ಚಾಗಿರುತ್ತದೆ. ಆದರೆ ಹಸು ದಿನವೂ ಹೆಚ್ಚು ತೆಗೆದುಕೊಳ್ಳುವುದು ಹುಲ್ಲೂ ಅಲ್ಲ, ಹಿಂಡಿಯೂ ಅಲ್ಲ, ನೀರು. ಒಂದು ಲೀಟರ್ ಹಾಲು ಕೊಡಬೇಕಾದರೆ ಅದು ನಾಲ್ಕೈದು ಲೀಟರ್ ನೀರು ಕುಡಿಯಬೇಕು. ಹಸುವಿನ ಹಾಲಿನ 100 ಪಾಲಿನಲ್ಲಿ ಸುಮಾರು 87 ಪಾಲು ನೀರೇ. ಈ ನೀರಿಗೆ ಮಾತ್ರ ನಮ್ಮಲ್ಲಿ ಚೀಟಿ ಇಲ್ಲ. ‘ಹೊಳೆ ನೀರು ತಿಳಿಯಾಗಿದೆ, ಕುಡಿಯಲಿ ಬಿಡು’ ಎನ್ನುವುದೇ ನಮ್ಮ ಪರೀಕ್ಷೆ.

ತಿಳಿಯಾದ ನೀರೂ ದನವನ್ನು ಕೊಲ್ಲಬಹುದು. ಬೇರೆ ದೇಶಗಳ ಹೊಳೆ, ಸರೋವರಗಳಲ್ಲಿ ಇದು ನಡೆದಿದೆ, ದಾಖಲೆಯಾಗಿದೆ. ಅದನ್ನು ಮೊದಲೇ ಕಂಡುಹಿಡಿಯಲು ಅಲ್ಲಿಯವರು ಬಳಸುವ ವಿಧಾನ ದೊಡ್ಡ ಯಂತ್ರದ್ದಲ್ಲ, ಕಣ್ಣಿನ ಲೆಕ್ಕದ್ದು. ಅಂಥ ಲೆಕ್ಕವನ್ನು ಹೊಳೆ ಹಳ್ಳಗಳಿಗೆ ದನ ಇಳಿಸುವ ಊರುಗಳ ಹಾಲು ಸಂಘಗಳೂ ಶುರು ಮಾಡಬೇಕು, ಅದನ್ನು ಮಾಡುವ ಹೆಣ್ಣುಮಕ್ಕಳಿಗೆ ಒಕ್ಕೂಟ ಗೌರವಧನ ಕೊಡಬೇಕು ಎಂಬುದು ನನ್ನ ವಾದ. ಪೂರ್ತಿ ಓದಿ, ಆಮೇಲೆ ಒಪ್ಪುವುದೋ ಬಿಡುವುದೋ ನೀವೇ ತೀರ್ಮಾನಿಸಿ.

ಈ ಹಾವಸೆ ಯಾವುದು?

ನೀರೊಳಗಿನ ಕಲ್ಲಿನ ಮೇಲೆ ಹಾವಸೆ ಕಟ್ಟುವುದು ಹೊಸದೇನಲ್ಲ. ಬಟ್ಟೆ ಒಗೆಯುವಾಗ ಕಾಲು ಜಾರಿದವರಿಗೆಲ್ಲ ಗೊತ್ತು. ಹಸಿರು ಎಳೆ ಎಳೆಯಾಗಿ ಕೂದಲಂತೆ ತೇಲುವ ಪಾಚಿ ಬಹುಮಟ್ಟಿಗೆ ನಿರುಪದ್ರವಿ. ನಾನು ಹೇಳುತ್ತಿರುವುದು ಬೇರೆ. ಇದಕ್ಕೆ ಸಯನೋಬ್ಯಾಕ್ಟೀರಿಯಾ ಎಂದು ಹೆಸರು, ಕನ್ನಡದಲ್ಲಿ ನೀಲಿ-ಹಸಿರು ಪಾಚಿ ಎನ್ನುತ್ತೇವೆ. ಹೆಸರಿಗೆ ಪಾಚಿ, ನಿಜದಲ್ಲಿ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯಾ.

ಈ ಕುಲವೆಲ್ಲ ಕೆಟ್ಟದ್ದು ಎಂದುಕೊಳ್ಳಬೇಡಿ. ಗದ್ದೆಗೆ ಜೈವಿಕ ಗೊಬ್ಬರವಾಗಿ ಹಾಕುವ ನೀಲಿ-ಹಸಿರು ಪಾಚಿ ಇದೇ ಕುಲದ್ದು. ನೀವು ತೊಟ್ಟಿಯಲ್ಲಿ ಬೆಳೆಸಿ ಹಸುವಿಗೆ ಹಾಕುವ ಅಜೋಲಾದ ಎಲೆಯೊಳಗೆ ಕೂತು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದೂ ಇದರ ನೆಂಟನೇ. ಆದರೆ ಒಂದು ಮನೆತನದಲ್ಲಿ ಎಲ್ಲರ ಗುಣವೂ ಒಂದೇ ಇರುವುದಿಲ್ಲವಲ್ಲ. ಕೆಲವು ಜಾತಿಗಳು ವಿಷ ಮಾಡುತ್ತವೆ.

ವಿಷ ಮಾಡುವವುಗಳಲ್ಲಿ ಎರಡು ಬಗೆ. ಒಂದು, ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ತೇಲುವುದು. ಇದು ಕಣ್ಣಿಗೆ ಬೀಳುತ್ತದೆ, ವಾಸನೆ ಬರುತ್ತದೆ, ದನವೂ ಮೂಗು ಮುರಿಯಬಹುದು. ಇನ್ನೊಂದು, ಹರಿಯುವ ಹೊಳೆಯ ತಳದಲ್ಲಿ ಕಲ್ಲಿಗೆ ಅಂಟಿಕೊಂಡು ಚಾಪೆಯಂತೆ ಬೆಳೆಯುವುದು. ಬಣ್ಣ ಕಡುಕಂದು ಅಥವಾ ಕಪ್ಪು, ನೋಡಲು ನೆನೆದ ಚರ್ಮದಂತೆ, ಮುಗ್ಗಲು ಮಣ್ಣಿನಂಥ ವಾಸನೆ. ಇದರಲ್ಲಿ ಹೆಸರಾದದ್ದು ಮೈಕ್ರೋಕೋಲಿಯಸ್. ಹಿಂದೆ ಫಾರ್ಮಿಡಿಯಂ ಎನ್ನುತ್ತಿದ್ದರು. ಇದು ಬೆಳೆಯುವಾಗ ಮೇಲಿನ ನೀರು ಕನ್ನಡಿಯಂತೆ ತಿಳಿಯಾಗಿರಬಹುದು. ಬಿಸಿಲು ತಳದವರೆಗೆ ಇಳಿಯುವ ತಿಳಿನೀರೇ ಇದಕ್ಕೆ ಅನುಕೂಲ. ಬಾಟಲಿಯಲ್ಲಿ ಹೊಳೆ ನೀರು ಹಿಡಿದು ಪರೀಕ್ಷೆಗೆ ಕಳಿಸಿದರೆ ನೀರು ಚೆನ್ನಾಗಿದೆ ಎಂದೇ ಬರಬಹುದು, ಏಕೆಂದರೆ ವಿಷ ಇರುವುದು ಹೆಚ್ಚಾಗಿ ಚಾಪೆಯಲ್ಲಿ.

ಬೇಸಿಗೆಯಲ್ಲಿ ಹರಿವು ಇಳಿದಾಗ, ಬಿಸಿಲು ಏರಿದಾಗ, ಮಳೆ ಬಂದು ಕೊಚ್ಚದೆ ಕೆಲವು ವಾರ ಕಳೆದಾಗ ಚಾಪೆ ದಪ್ಪವಾಗುತ್ತದೆ. ಬಿಸಿಲಿಗೆ ಅದರೊಳಗೆ ಗಾಳಿಗುಳ್ಳೆ ಕಟ್ಟುತ್ತದೆ, ಚಾಪೆ ಕಲ್ಲಿನಿಂದ ಬಿಡಿಸಿಕೊಂಡು ಮೇಲೇಳುತ್ತದೆ, ತೇಲಿ ಬಂದು ದಡಕ್ಕೆ ಸೇರುತ್ತದೆ. ದನ ಬಾಯಿ ಹಾಕುವುದೂ ಅದೇ ದಡದಲ್ಲಿ.

ನ್ಯೂಜಿಲೆಂಡಿನ ಹಟ್ ನದಿಯಲ್ಲಿ ನಡೆದದ್ದು

ನ್ಯೂಜಿಲೆಂಡ್ ಹೈನುಗಾರಿಕೆಯ ದೇಶ. ಅಲ್ಲಿಯ ದೊಡ್ಡ ಡೇರಿ ಸಂಸ್ಥೆ ಫಾಂಟೆರಾ ನಮ್ಮ ಒಕ್ಕೂಟಗಳಂತೆಯೇ ರೈತರ ಸಹಕಾರಿ. ಆ ದೇಶದ ರಾಜಧಾನಿ ವೆಲಿಂಗ್ಟನ್ ಪಕ್ಕದಲ್ಲಿ ಹಟ್ ನದಿ ಹರಿಯುತ್ತದೆ. ಜನ ಈಜಲು, ನಾಯಿ ಕರೆದುಕೊಂಡು ತಿರುಗಾಡಲು ಹೋಗುವ ಹೊಳೆ. 2005ರ ನವೆಂಬರ್‌ನಲ್ಲಿ ಅಲ್ಲಿ ಕನಿಷ್ಠ ಐದು ನಾಯಿಗಳು ಹೊಳೆಗೆ ಹೋದ ಮೇಲೆ ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ತಳದ ಈ ಕರಿ ಚಾಪೆ, ಅದರೊಳಗೆ ನರಗಳ ಮೇಲೆ ಕೆಲಸ ಮಾಡುವ ವಿಷ.

ಆ ವಿಷದ ಗುಂಪಿಗೆ ಅನಾಟಾಕ್ಸಿನ್ ಎಂದು ಹೆಸರು. ನಮ್ಮ ದೇಹದಲ್ಲಿ ನರವು ಸ್ನಾಯುವಿಗೆ ‘ಬಿಗಿಯಾಗು’ ಎಂದು ಹೇಳಲು ಒಂದು ರಾಸಾಯನಿಕ ಬಿಡುತ್ತದೆ, ಕೆಲಸ ಮುಗಿದ ಕೂಡಲೇ ದೇಹ ಅದನ್ನು ಅಳಿಸಿಬಿಡುತ್ತದೆ. ಅನಾಟಾಕ್ಸಿನ್ ಆ ರಾಸಾಯನಿಕದ ವೇಷ ಹಾಕಿ ಬರುತ್ತದೆ, ಆದರೆ ದೇಹ ಇದನ್ನು ಅಳಿಸಲಾರದು. ಸ್ನಾಯು ಬಿಗಿದೇ ಇರುತ್ತದೆ, ಕೊನೆಗೆ ಸೋಲುತ್ತದೆ. ಉಸಿರಾಟದ ಸ್ನಾಯು ಸೋತಾಗ ಪ್ರಾಣಿ ಸಾಯುತ್ತದೆ. ಕೆಲವೊಮ್ಮೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಇದಕ್ಕೆ ಪ್ರತಿವಿಷದ ಚುಚ್ಚುಮದ್ದು ಇಲ್ಲ.

ನಾಯಿಗಳೇ ಮೊದಲು ಯಾಕೆ ಸತ್ತವು? ದಡದಲ್ಲಿ ಬಿದ್ದ ಚಾಪೆಯ ವಾಸನೆಗೆ ಅವು ಬಾಯಿ ಹಾಕುತ್ತವೆ. ಇದು ನ್ಯೂಜಿಲೆಂಡ್ ಒಂದರ ಕಥೆಯಲ್ಲ. ಫ್ರಾನ್ಸಿನ ಲೂ ನದಿಯ ದಡದಲ್ಲಿ 2003ರಲ್ಲಿ ನಾಯಿಗಳು ಇದೇ ವಿಷಕ್ಕೆ ಬಲಿಯಾದವು. 2020ರ ಜುಲೈನಲ್ಲಿ ಅಮೆರಿಕದ ಝಯಾನ್ ರಾಷ್ಟ್ರೀಯ ಉದ್ಯಾನದ ವರ್ಜಿನ್ ನದಿಯಲ್ಲಿ ಆಡಿದ ನಾಯಿಮರಿ ಸತ್ತ ಮೇಲೆ ಅಲ್ಲಿಯ ಹೊಳೆಗೂ ಎಚ್ಚರಿಕೆ ಹಾಕಿದರು. ಆ ಹೊಳೆ ಹರಿಯುವುದು ಬಂಡೆಗಳ ನಡುವಿನ ಕಣಿವೆಯಲ್ಲಿ, ಕಾರ್ಖಾನೆಗಳ ನಡುವೆ ಅಲ್ಲ.

ದನಗಳಿಗೂ ಇದರಿಂದ ಅಪಾಯವಿದೆ

ನಾಯಿ ಸತ್ತರೆ ನಮಗೇನು ಎನ್ನಬೇಡಿ. ಈ ವಿಷಗಳ ಚರಿತ್ರೆಯೇ ಸಾಕುಪ್ರಾಣಿಗಳ ಸಾವಿನಿಂದ ಶುರುವಾಗಿದೆ. 1878ರಲ್ಲಿ ಜಾರ್ಜ್ ಫ್ರಾನ್ಸಿಸ್ ಎಂಬವರು ದಕ್ಷಿಣ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ಪಾಚಿ ನೀರು ಕುಡಿದು ಕುರಿ, ಕುದುರೆ, ನಾಯಿ, ಹಂದಿ ಸತ್ತದ್ದನ್ನು ‘ನೇಚರ್’ ವಿಜ್ಞಾನ ಪತ್ರಿಕೆಗೆ ಬರೆದರು. ಅನಾಟಾಕ್ಸಿನ್ ಎಂಬ ವಿಷ ಗೊತ್ತಾದದ್ದು 1960ರ ದಶಕದ ಆರಂಭದಲ್ಲಿ, ಕೆನಡಾದಲ್ಲಿ ಪಾಚಿ ನೀರು ಕುಡಿದ ದನದ ಹಿಂಡುಗಳು ಸತ್ತ ನಂತರ. ಇವೆರಡೂ ತೇಲುವ ಪಾಚಿಯ ಪ್ರಸಂಗಗಳು.

ತಳದ ಚಾಪೆಯದು ಸ್ವಿಟ್ಜರ್ಲೆಂಡಿನ ಉದಾಹರಣೆ. ಅಲ್ಲಿಯ ರೈತರು ಬೇಸಿಗೆಯಲ್ಲಿ ದನಗಳನ್ನು ಆಲ್ಪ್ಸ್ ಬೆಟ್ಟದ ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ. ಹಿಮ ಕರಗಿದ ನೀರಿನ ಸರೋವರಗಳು, ತಳದ ಕಲ್ಲು ಎಣಿಸುವಷ್ಟು ತಿಳಿ. ದೇಶದ ಆಗ್ನೇಯ ಭಾಗದ ಕೆಲವು ಹುಲ್ಲುಗಾವಲುಗಳಲ್ಲಿ ವರ್ಷಗಳ ಕಾಲ ದನಗಳು ಕಾರಣ ತಿಳಿಯದೆ ಸಾಯುತ್ತಿದ್ದವು. ಒಟ್ಟು ಲೆಕ್ಕ ನೂರು ದಾಟಿತು. ಕೊನೆಗೆ 1997ರಲ್ಲಿ ಪ್ರಕಟವಾದ ಅಧ್ಯಯನ ಸರೋವರದ ತಳದ ಚಾಪೆಯಲ್ಲಿ ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ಗುರುತಿಸಿತು. ಇದು ಈಲಿಯನ್ನು ಹಾಳು ಮಾಡುವ ವಿಷ.

ಅಕ್ಕಂದಿರೇ, ‘ಕಾರಣ ತಿಳಿಯದೆ’ ಎಂಬ ಮಾತನ್ನು ಗಮನಿಸಿ. ನಮ್ಮೂರಲ್ಲಿ ಹಸು ಇದ್ದಕ್ಕಿದ್ದಂತೆ ಬಿದ್ದು ಸತ್ತರೆ ಏನು ಹೇಳುತ್ತೇವೆ? ಹಾವು ಕಚ್ಚಿರಬೇಕು, ಎಳೆ ಜೋಳ ಮೇಯ್ದಿರಬೇಕು, ಹೊಟ್ಟೆ ಉಬ್ಬರವಿರಬೇಕು, ಯಾರದೋ ದೃಷ್ಟಿ ತಾಗಿರಬೇಕು. ಇವುಗಳಲ್ಲಿ ಮೊದಲ ಮೂರು ನಿಜವೂ ಆಗಿರುತ್ತವೆ. ಎಳೆ ಜೋಳದಲ್ಲಿ ವಿಷ ಇದೆ ಎಂದು ನಮಗೆ ಗೊತ್ತಿರುವುದರಿಂದಲೇ ಹೂ ಬರುವ ಮುನ್ನ ದನವನ್ನು ಆ ಹೊಲಕ್ಕೆ ಬಿಡುವುದಿಲ್ಲ. ಗೊತ್ತಿದ್ದರೆ ತಪ್ಪಿಸಬಹುದು. ಹೊಳೆಯ ಹಾವಸೆ ನಮ್ಮ ಪಟ್ಟಿಯಲ್ಲೇ ಇಲ್ಲದಿದ್ದರೆ ಅದರಿಂದ ಸತ್ತ ಹಸುವೂ ಹಾವಿನ ಲೆಕ್ಕಕ್ಕೇ ಹೋಗುತ್ತದೆ.

ಅವರು ಹೊಳೆಯನ್ನು ನೋಡುವ ರೀತಿ

ನ್ಯೂಜಿಲೆಂಡ್ ಸರ್ಕಾರದ ಪರಿಸರ ಮತ್ತು ಆರೋಗ್ಯ ಸಚಿವಾಲಯಗಳು 2009ರಲ್ಲಿ ಇದಕ್ಕೊಂದು ಮಾರ್ಗಸೂಚಿ ತಂದವು. ಅದರ ಸರಳತೆ ನೋಡಿ.

ಬೇಸಿಗೆಯ ತಿಂಗಳುಗಳಲ್ಲಿ ಪ್ರಾದೇಶಿಕ ಮಂಡಳಿಯ ಸಿಬ್ಬಂದಿ ಗೊತ್ತುಮಾಡಿದ ಜಾಗಗಳಲ್ಲಿ ಹೊಳೆಗೆ ಇಳಿಯುತ್ತಾರೆ. ಕೈಯಲ್ಲಿ ತಳಕ್ಕೆ ಗಾಜು ಹಾಕಿದ ಬಕೆಟ್‌ನಂಥ ಸಾಧನ. ಅದನ್ನು ನೀರಿಗೆ ಒತ್ತಿ ನೋಡಿದರೆ ಅಲೆ, ಬಿಸಿಲಿನ ಹೊಳಪು ಅಡ್ಡ ಬರದೆ ತಳ ಕಾಣುತ್ತದೆ. ದಡದಿಂದ ಹೊಳೆಯೊಳಕ್ಕೆ ಮೊಣಕಾಲು ದಾಟುವ ಆಳದವರೆಗೆ ನೇರ ಸಾಲಿನಲ್ಲಿ ನಡೆಯುತ್ತಾ ಐದು ಕಡೆ ನೋಡುತ್ತಾರೆ. ಅಂಥ ನಾಲ್ಕು ಸಾಲು. ಒಟ್ಟು 20 ನೋಟ. ಒಂದೊಂದು ನೋಟದಲ್ಲೂ ತಳದ ನೂರು ಪಾಲಿನಲ್ಲಿ ಎಷ್ಟು ಪಾಲನ್ನು ಕರಿ ಚಾಪೆ ಮುಚ್ಚಿದೆ ಎಂದು ಬರೆದುಕೊಂಡು ಸರಾಸರಿ ತೆಗೆಯುತ್ತಾರೆ.

ನೂರಕ್ಕೆ 20ಕ್ಕಿಂತ ಕಡಿಮೆ ಇದ್ದರೆ ಹಸಿರು ಹಂತ: ಹದಿನೈದು ದಿನಕ್ಕೊಮ್ಮೆ ನೋಡುತ್ತಿದ್ದರೆ ಸಾಕು. 20ರಿಂದ 50 ಇದ್ದರೆ ಹಳದಿ ಹಂತ: ವಾರಕ್ಕೊಮ್ಮೆ ನೋಡಬೇಕು, ಆರೋಗ್ಯ ಇಲಾಖೆಗೆ ತಿಳಿಸಬೇಕು, ಎಚ್ಚರಿಕೆ ಫಲಕ ಹಾಕಬೇಕು. 50 ದಾಟಿದರೆ ಕೆಂಪು ಹಂತ: ಹೊಳೆಗೆ ಇಳಿಯಬೇಡಿ ಎಂದು ಸಾರಬೇಕು. ಇನ್ನೊಂದು ಮಾತು ಇದೆ. 50 ದಾಟದಿದ್ದರೂ ಚಾಪೆ ಕಿತ್ತು ಬಂದು ದಡದಲ್ಲಿ ಸೇರುತ್ತಿದ್ದರೆ, ಅಥವಾ ನೀರು ಇಳಿದು ದಡದಲ್ಲಿ ಚಾಪೆ ಬಯಲಾಗಿದ್ದರೆ ನೇರವಾಗಿ ಕೆಂಪು. ನಮ್ಮಂಥ ದನ ಕಾಯುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ಕೊನೆಯ ಮಾತೇ.

ಇದರಲ್ಲಿ ಕೊರತೆಗಳಿಲ್ಲವೇ ಎಂದರೆ, ಇವೆ. ಚಾಪೆ ಎಷ್ಟಿದೆ ಎಂದು ಕಣ್ಣು ಹೇಳುತ್ತದೆ, ಅದರಲ್ಲಿ ವಿಷ ಎಷ್ಟಿದೆ ಎಂದು ಹೇಳಲಾರದು. ಒಂದೇ ಹೊಳೆಯಲ್ಲಿ ಅಕ್ಕಪಕ್ಕದ ಎರಡು ಕಲ್ಲಿನಲ್ಲಿ ಒಂದರ ಚಾಪೆಯಲ್ಲಿ ವಿಷ ತುಂಬಿದ್ದು ಇನ್ನೊಂದರಲ್ಲಿ ಏನೂ ಇಲ್ಲದಿರಬಹುದು. ವಿಷ ತಿಳಿಯಬೇಕಾದರೆ ಪ್ರಯೋಗಾಲಯಕ್ಕೇ ಕಳಿಸಬೇಕು. ನೀರಿನಲ್ಲಿ ದಿನಗಟ್ಟಲೆ ಇಳಿಬಿಟ್ಟು ವಿಷ ಹೀರಿಸುವ ಚೀಲಗಳು, ವಿಷ ಮಾಡುವ ಜೀನ್ ಹುಡುಕುವ ಪರೀಕ್ಷೆಗಳೂ ಬಂದಿವೆ. ಅವು ಒಳ್ಳೆಯವು, ಆದರೆ ದುಬಾರಿ, ನಿಧಾನ. ಹಸು ನಾಳೆ ಬೆಳಿಗ್ಗೆಯೇ ನೀರು ಕುಡಿಯಬೇಕು, ವರದಿ ಬರುವವರೆಗೆ ಕಾಯುವುದಿಲ್ಲ. ಅದಕ್ಕೇ ಅವರು ಕಣ್ಣಿನ ಲೆಕ್ಕವನ್ನು ಮೊದಲ ಬೇಲಿಯಾಗಿ ಇಟ್ಟುಕೊಂಡಿದ್ದಾರೆ. ಚಾಪೆ ಹೆಚ್ಚಿದ್ದರೆ ವಿಷ ಇದೆ ಎಂದೇ ತಿಳಿದು ದೂರವಿರು ಎಂಬ ಜಾಣತನ ಅದು. ನಾವು ಎಳೆ ಜೋಳದ ವಿಷಯದಲ್ಲಿ ಮಾಡುವುದೂ ಇದನ್ನೇ. ಯಾವ ಗರಿಯಲ್ಲಿ ಎಷ್ಟು ವಿಷವಿದೆ ಎಂದು ಪರೀಕ್ಷೆ ಮಾಡಿಸುತ್ತಾ ಕೂರುವುದಿಲ್ಲ.

ನಮ್ಮ ಹೊಳೆಗಳ ಲೆಕ್ಕದಲ್ಲಿ ಹಸು ಎಲ್ಲಿದೆ?

ನಮ್ಮಲ್ಲಿ ನದಿ ನೀರಿನ ಪರೀಕ್ಷೆ ನಡೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳ ಗೊತ್ತಾದ ಜಾಗಗಳಿಂದ ನೀರು ತೆಗೆದು ಪರೀಕ್ಷಿಸುತ್ತದೆ. ಕೇಂದ್ರ ಮಂಡಳಿ ಅದಕ್ಕೆ ಐದು ದರ್ಜೆ ಮಾಡಿದೆ. ಎ ಎಂದರೆ ಸೋಂಕು ನಿವಾರಿಸಿ ಕುಡಿಯಬಹುದಾದ ಮೂಲ, ಬಿ ಎಂದರೆ ಸ್ನಾನಕ್ಕೆ, ಸಿ ಎಂದರೆ ಪೂರ್ತಿ ಶುದ್ಧೀಕರಿಸಿ ಕುಡಿಯಲು, ಡಿ ಎಂದರೆ ಕಾಡುಪ್ರಾಣಿ ಮತ್ತು ಮೀನಿಗೆ, ಇ ಎಂದರೆ ನೀರಾವರಿ ಮತ್ತು ಕಾರ್ಖಾನೆಯ ತಂಪಿಗೆ. ಕಾಡಿನ ಜಿಂಕೆಗೆ ದರ್ಜೆ ಇದೆ, ಮೀನಿಗೆ ಇದೆ. ನಿಮ್ಮ ಕೊಟ್ಟಿಗೆಯ ಹಸು, ಎಮ್ಮೆ ಕುಡಿಯುವ ನೀರು ಎಂಬ ದರ್ಜೆ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ದರ್ಜೆ ಕಟ್ಟುವುದೂ ನೀರಿನಲ್ಲಿ ಕರಗಿದ ಆಮ್ಲಜನಕ, ಕೊಳಕಿನ ಪ್ರಮಾಣ, ಕೋಲಿಫಾರಂ ರೋಗಾಣು ಇಂಥವನ್ನು ನೋಡಿ. ತಳದ ಕಲ್ಲಿನ ಮೇಲೆ ಏನು ಬೆಳೆದಿದೆ ಎಂಬುದು ಆ ದರ್ಜೆಯ ಅಳತೆಯಲ್ಲಿಲ್ಲ.

ಈ ಲೆಕ್ಕಕ್ಕೆ ದೊಡ್ಡ ಇಲಾಖೆ ಬರುವವರೆಗೆ ಕಾಯಬೇಕಿಲ್ಲ. ಹೊಳೆಯನ್ನು ದಿನವೂ ನೋಡುವವರು ಯಾರು? ದನ ತೊಳೆಯುವವರು, ಬಟ್ಟೆ ಒಗೆಯುವವರು, ಸಂಜೆ ದನ ಹೊಡೆದುಕೊಂಡು ಬರುವವರು, ಬಹುಪಾಲು ಹೆಣ್ಣುಮಕ್ಕಳು. ಯಾವ ಕಲ್ಲಿನ ಮೇಲೆ ಹಾವಸೆ ಎಂದಿಗಿಂತ ಹೆಚ್ಚಾಗಿದೆ ಎಂದು ನಿಮಗೆ ಗೊತ್ತಾಗುವಷ್ಟು ಬೇಗ ತಿಂಗಳಿಗೊಮ್ಮೆ ಜೀಪಿನಲ್ಲಿ ಬರುವವರಿಗೆ ಗೊತ್ತಾಗುವುದಿಲ್ಲ. ಆ ತಿಳಿವಳಿಕೆಯನ್ನು ಪುಸ್ತಕಕ್ಕೆ ಇಳಿಸಿದರೆ ಅದೇ ದಾಖಲೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಸದಸ್ಯರ ದನಗಳು ಹೊಳೆ ಹಳ್ಳದ ನೀರು ಕುಡಿಯುವ ಪ್ರತಿ ಸಂಘದಲ್ಲೂ ಇಬ್ಬರು ಸದಸ್ಯೆಯರನ್ನು ಆರಿಸಿ. ಸಂಕ್ರಾಂತಿ ಕಳೆದ ಮೇಲೆ ಮುಂಗಾರು ಹೊಳೆಗೆ ಬರುವವರೆಗೆ ಹದಿನೈದು ದಿನಕ್ಕೊಮ್ಮೆ, ದನ ಇಳಿಯುವ ಜಾಗದಲ್ಲಿ ಇದೇ 20 ನೋಟದ ಲೆಕ್ಕ ಬರೆಯಲಿ. ತಳಕ್ಕೆ ಗಾಜು ಕೂರಿಸಿದ ಬಕೆಟ್ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ. ಒಬ್ಬರೇ ಇಳಿಯಬಾರದು, ಗಮ್‌ಬೂಟು ಮತ್ತು ಕೈಗವಸು ಹಾಕಿಯೇ ಇಳಿಯಬೇಕು. ಹಳದಿ ಹಂತ ಬಂದರೆ ಸಂಘದ ಕಾರ್ಯದರ್ಶಿಗೆ, ಅವರಿಂದ ಒಕ್ಕೂಟದ ಪಶುವೈದ್ಯರಿಗೆ ಸುದ್ದಿ ಹೋಗಲಿ. ಕೆಂಪು ಹಂತ ಬಂದರೆ ಆ ಜಾಗದಲ್ಲಿ ಕೆಂಪು ಬಟ್ಟೆ ಕಟ್ಟಿ, ಹಾಲು ಅಳೆಯುವ ಹೊತ್ತಿನಲ್ಲಿ ಎಲ್ಲರಿಗೂ ಹೇಳಿ. ಚಾಪೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವ ಖರ್ಚು ಒಕ್ಕೂಟದ್ದಾಗಬೇಕು, ಹಸು ಸಾಕಿದವಳದ್ದಲ್ಲ.

ಬರುವ ಆಕ್ಷೇಪಣೆಗಳು

ಮೊದಲ ಆಕ್ಷೇಪಣೆ ನಿಮ್ಮಿಂದಲೇ ಬರುತ್ತದೆ, ಬರಬೇಕು ಕೂಡ. ‘ಸೆಗಣಿ ಬಾಚುವುದು, ಹುಲ್ಲು ತರುವುದು, ಹಾಲು ಕರೆಯುವುದು, ಅಡಿಗೆ, ಮಕ್ಕಳು, ಇದರ ಮೇಲೆ ಹೊಳೆ ಎಣಿಸುವುದೂ ನಾವೇನಾ?’ ನ್ಯಾಯವಾದ ಮಾತು. ಹೆಣ್ಣುಮಕ್ಕಳು ಮಾಡುವ ಕೆಲಸ ಪುಕ್ಕಟೆ ಎಂಬ ರೂಢಿಯ ಮೇಲೆ ಇನ್ನೊಂದು ಕೆಲಸ ಹೇರುವುದಾದರೆ ಇದು ಬೇಡವೇ ಬೇಡ. ನ್ಯೂಜಿಲೆಂಡಿನಲ್ಲಿ ಹೊಳೆ ನೋಡುವವರಿಗೆ ಸಂಬಳವಿದೆ. ನಮ್ಮಲ್ಲೂ ಕೃತಕ ಗರ್ಭಧಾರಣೆ ಮಾಡುವವರಿಗೆ, ಹಾಲು ಪರೀಕ್ಷೆ ಮಾಡುವವರಿಗೆ ಸಂಭಾವನೆ ಇದೆ. ಹೊಳೆ ನೋಡುವುದೂ ಪರೀಕ್ಷೆಯೇ. ತಿಂಗಳಿಗೆ ಎರಡು ಬೆಳಗಿನ ಕೆಲಸಕ್ಕೆ ಗೌರವಧನ, ಒಂದು ದಿನದ ತರಬೇತಿ, ಬೂಟು ಕೈಗವಸು, ಇಷ್ಟನ್ನು ಕೇಳಿಯೇ ಒಪ್ಪಿಕೊಳ್ಳಿ.

ಎರಡನೆಯದು ಆಡಳಿತ ಮಂಡಳಿಗಳಿಂದ ಬರಬಹುದು. ‘ನೀರಿನಲ್ಲಿ ವಿಷ ಎಂದರೆ ಪೇಟೆಯವರು ಹಾಲು ಕೊಳ್ಳಲು ಹೆದರುತ್ತಾರೆ.’ ಈ ಭಯಕ್ಕೆ ಉತ್ತರವಿದೆ. ಆಸ್ಟ್ರೇಲಿಯಾದಲ್ಲಿ ಸಂಶೋಧಕರು ಕರೆಯುವ ಹಸುಗಳಿಗೆ ಮೈಕ್ರೋಸಿಸ್ಟಿನ್ ಇರುವ ಪಾಚಿಯನ್ನು ಮೂರು ವಾರ ತಿನ್ನಿಸಿ ಹಾಲು ಪರೀಕ್ಷಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಾಲಿನಲ್ಲಿ ಆ ವಿಷ ಪತ್ತೆಯಾಗಲಿಲ್ಲ. ಅಪಾಯ ಹಸುವಿಗೆ, ಹಸು ಸಾಕಿದವಳ ಬದುಕಿಗೆ. ಅಲ್ಲದೆ, ಗ್ರಾಹಕರ ನಂಬಿಕೆ ಬೆಳೆದದ್ದು ನಾವು ಅಳೆಯುವುದರಿಂದ, ಮುಚ್ಚಿಡುವುದರಿಂದಲ್ಲ. ಫ್ಯಾಟ್ ಪರೀಕ್ಷೆ ಬಂದಾಗಲೂ ಇದು ನಮ್ಮ ಮೇಲೆ ಅನುಮಾನ ಎಂದವರಿದ್ದರು. ಇಂದು ಪರೀಕ್ಷೆ ಮಾಡದ ಸಂಘಕ್ಕೆ ಯಾರೂ ಹಾಲು ಹಾಕುವುದಿಲ್ಲ.

ಮೂರನೆಯದು, ‘ಅದೆಲ್ಲ ಹೊರದೇಶದ ಕಥೆ, ನಮ್ಮ ಹೊಳೆಗೆ ಯಾಕೆ?’ ಎಂಬುದು. ಹರಿವು ಇಳಿಯುವುದು, ಕಲ್ಲಿನ ತಳ, ಸುಡುವ ಬಿಸಿಲು, ವಾರಗಟ್ಟಲೆ ಮಳೆಯಿಲ್ಲದ ದಿನ, ದಡದಲ್ಲಿ ದನ: ನಾನು ಮೇಲೆ ಹೇಳಿದ್ದರಲ್ಲಿ ಯಾವುದು ನಮ್ಮ ಬೇಸಿಗೆಯ ಹೊಳೆಗೆ ಹೊರಗಿನದು? ನೀವು ಎಣಿಸಿ ಬರೆದ ಪುಸ್ತಕದಲ್ಲಿ ವರ್ಷವಿಡೀ ಹಸಿರು ಹಂತವೇ ಇದ್ದರೆ ಅದಕ್ಕಿಂತ ಸಂತೋಷವಿಲ್ಲ. ಆಗ ‘ನಮ್ಮ ಹೊಳೆ ಚೆನ್ನಾಗಿದೆ’ ಎಂದು ಲೆಕ್ಕ ಹಿಡಿದು ಹೇಳಬಹುದು.

ನಮ್ಮ ಪಾಲೂ ಇದೆ

ಇನ್ನೊಂದು ಮಾತು ಹೇಳದಿದ್ದರೆ ಅರ್ಧ ಹೇಳಿದಂತೆ. ನ್ಯೂಜಿಲೆಂಡಿನ ಅಧ್ಯಯನಗಳು ಈ ಚಾಪೆ ಬೆಳೆಯಲು ಎರಡು ಸಂಗತಿ ನೆರವಾಗುತ್ತವೆ ಎಂದು ತೋರಿಸಿವೆ. ಒಂದು, ನೀರಿಗೆ ಸೇರುವ ಸಾರಜನಕ. ಇನ್ನೊಂದು, ಹೊಳೆಗೆ ಕೊಚ್ಚಿ ಬರುವ ನುಣುಪು ಮಣ್ಣು. ಆ ಮಣ್ಣು ಚಾಪೆಯೊಳಗೆ ಸಿಕ್ಕಿಕೊಳ್ಳುತ್ತದೆ, ಅದರಲ್ಲಿರುವ ರಂಜಕವನ್ನು ಚಾಪೆ ಹೀರಿಕೊಳ್ಳುತ್ತದೆ. ಹಾಗಾಗಿ ನೀರಿನಲ್ಲಿ ರಂಜಕ ಇಲ್ಲದಿದ್ದರೂ ಚಾಪೆಗೆ ಊಟ ಸಿಗುತ್ತದೆ. ಸಾರಜನಕ ಎಲ್ಲಿಂದ? ಯೂರಿಯಾದಿಂದ, ದನದ ಗಂಜಲ ಸೆಗಣಿಯಿಂದ. ಅಲ್ಲಿ ಹೈನುಗಾರಿಕೆಯ ಮೇಲೆ ದೊಡ್ಡ ಟೀಕೆ ಬಂದದ್ದು ಇದರಿಂದಲೇ.

ಅಲ್ಲಿಯ ಫಾಂಟೆರಾ ಸಹಕಾರಿ 2003ರಲ್ಲಿ ಸರ್ಕಾರದ ಜತೆ ಒಂದು ಒಪ್ಪಂದ ಮಾಡಿಕೊಂಡಿತು: ಹೈನುದನಗಳನ್ನು ಹೊಳೆಯಿಂದ ಹೊರಗಿಡುವುದು. ಯಾವ ಹೊಳೆ? ಒಂದು ಹೆಜ್ಜೆಗಿಂತ ಅಗಲ, ರೈತರು ಹಾಕುವ ಗಮ್‌ಬೂಟಿನ ಕೆಂಪು ಪಟ್ಟಿಗಿಂತ ಆಳ, ವರ್ಷವಿಡೀ ಹರಿಯುವಂಥದ್ದು. ಅಳತೆಗೋಲು ರೈತರ ಕಾಲಲ್ಲೇ ಇತ್ತು. ಅದರಿಂದ ಎಲ್ಲ ಸರಿಹೋಯಿತು ಎಂದಲ್ಲ, 2020ರಲ್ಲಿ ಸರ್ಕಾರ ಕಾನೂನನ್ನೇ ತರಬೇಕಾಯಿತು. ಆದರೆ ರೈತರ ಸಂಸ್ಥೆಯೇ ಮೊದಲ ಹೆಜ್ಜೆ ಇಟ್ಟಿತು ಎಂಬುದು ನಮಗೆ ಪಾಠ.

ಎರಡು ಮೂರು ಹಸು ಸಾಕುವ ನಾವು ಬೇಲಿ ಹಾಕಬೇಕಿಲ್ಲ. ತಿಪ್ಪೆಯನ್ನು ಹಳ್ಳದ ಅಂಚಿನಿಂದ ದೂರ ಹಾಕಬಹುದು. ಕೊಟ್ಟಿಗೆ ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ ನೇಪಿಯರ್ ಹುಲ್ಲಿನ ಮಡಿಗೆ ತಿರುಗಿಸಬಹುದು, ಹುಲ್ಲೂ ಬೆಳೆಯುತ್ತದೆ. ಹೊಲದ ಬದು ಗಟ್ಟಿ ಮಾಡಿದರೆ ಮಣ್ಣೂ ಉಳಿಯುತ್ತದೆ. ಬೇಸಿಗೆಯಲ್ಲಿ ದನಕ್ಕೆ ಕೊಟ್ಟಿಗೆಯಲ್ಲೇ ಬೋರ್‌ವೆಲ್ ಅಥವಾ ನಲ್ಲಿ ನೀರು ಕೊಡಲು ಸಾಧ್ಯವಾದರೆ ಎಲ್ಲಕ್ಕಿಂತ ಒಳ್ಳೆಯದು. ಊರ ಮುಂದಿನ ದನದ ತೊಟ್ಟಿ ಒಡೆದಿದ್ದರೆ ಪಂಚಾಯಿತಿಗೆ ಅರ್ಜಿ ಕೊಡಿ, ಇರುವ ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ.

ಇಂದಿನಿಂದಲೇ ನೆನಪಿಡಿ

ದಡದಲ್ಲಿ ಕಪ್ಪು ಅಥವಾ ಕಡುಕಂದು ಚರ್ಮದಂಥ ಪದರ ಬಿದ್ದಿದ್ದರೆ ದನವನ್ನು ಅಲ್ಲಿಗೆ ಇಳಿಸಬೇಡಿ. ಮಕ್ಕಳು ಅದನ್ನು ಮುಟ್ಟದಂತೆ, ನಾಯಿ ಬಾಯಿ ಹಾಕದಂತೆ ನೋಡಿಕೊಳ್ಳಿ. ಕಾದು ಕುದಿಸಿದರೆ ವಿಷ ಹೋಗುತ್ತದೆ ಎಂದು ನಂಬಬೇಡಿ.

ಹೊಳೆಯಿಂದ ಬಂದ ದನ ತೂರಾಡಿದರೆ, ಮೈ ನಡುಗಿದರೆ, ಏದುಸಿರು ಬಿಟ್ಟರೆ ತಡಮಾಡದೆ ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ. ಈಲಿಯ ವಿಷವಾದರೆ ಲಕ್ಷಣ ನಿಧಾನ: ಮೇವು ಬಿಡುವುದು, ಭೇದಿ, ನಿತ್ರಾಣ. ಬದುಕಿ ಉಳಿದ ದನಕ್ಕೆ ಬಿಸಿಲು ತಾಗಿ ಬಿಳಿ ಚರ್ಮ ಸುಟ್ಟಂತಾಗಬಹುದು. ಎರಡರಲ್ಲೂ ದನವನ್ನು ನೆರಳಿಗೆ ತನ್ನಿ, ಉಳಿದ ದನಗಳನ್ನು ಆ ನೀರಿನಿಂದ ದೂರ ಮಾಡಿ. ತೂರಾಡುವ ದನಕ್ಕೆ ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ, ಔಷಧಿ ಯಾವುದನ್ನೂ ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ದನ ಸತ್ತರೆ ಹೂಳುವ ಮುನ್ನ ಶವಪರೀಕ್ಷೆ ಮಾಡಿಸಿ, ಹೊಳೆಯ ಹಾವಸೆಯ ಮಾತನ್ನು ವೈದ್ಯರಿಗೆ ನೀವೇ ಹೇಳಿ. ವಿಮೆಗೂ ಆ ವರದಿ ಬೇಕು. ನಿಮ್ಮ ಹಸು ಹೇಗೆ ಸತ್ತಿತು ಎಂದು ತಿಳಿದರೆ ಪಕ್ಕದ ಮನೆಯ ಹಸು ಉಳಿಯುತ್ತದೆ.

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಲಾಭಾಂಶ, ಬೋನಸ್ ಮಾತಿನ ನಂತರ ಒಬ್ಬರು ಎದ್ದು ನಿಂತು ಕೇಳಿ: ‘ನಮ್ಮ ದನ ಕುಡಿಯುವ ಹೊಳೆಗೆ ಒಂದು ಪುಸ್ತಕ ಇಡೋಣ, ನೋಡುವವರಿಗೆ ಗೌರವಧನ ಗೊತ್ತುಮಾಡೋಣ.’ ಅದನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಅನುಮೋದಿಸುವವರ ಹೆಸರೂ ಸೇರಿಸಿ. ಬರೆಸಿದ ಠರಾವು ಒಕ್ಕೂಟಕ್ಕೆ ಹೋಗಲೇಬೇಕು, ಉತ್ತರ ಬರಲೇಬೇಕು. ಬಾಯಿಮಾತಿನಲ್ಲಿ ಹೇಳಿದ್ದು ಚಹಾ ಕುಡಿಯುವಷ್ಟರಲ್ಲಿ ಮರೆತುಹೋಗುತ್ತದೆ.